ಹತ್ತು ವರ್ಷದ ಖರ್ಚು

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವ ಹೆಂಗಸಿನವರೆಗೆ ಎಲ್ಲರ ಬಾಯಲ್ಲೂ ಅವಳು ಟೀವಿಯಕ್ಕ. ವಾರ್ಡುಗಳ ಗೋಡೆ, ರೋಗಿಗಳು ಕಾಯುವ ಹಾಲ್, ಕ್ಯಾಂಟೀನು, ಎಲ್ಲೆಲ್ಲಿ ಟೀವಿ ಇತ್ತೋ ಅಲ್ಲೆಲ್ಲ ಅವಳ ಏಣಿ ಹೋಗುತ್ತಿತ್ತು. ಚಿತ್ರ ಬಾರದಿದ್ದರೂ ಅವಳೇ ಬೇಕು, ರಿಮೋಟು ಹಾಸಿಗೆಯ ಸಂದಿಯಲ್ಲಿ ಬಿದ್ದು ಕಾಣೆಯಾದರೂ ಅವಳೇ ಬೇಕು. ಏಣಿಯನ್ನು ಹೆಗಲಿಗೇರಿಸಿಕೊಂಡು ಕಾರಿಡಾರಿನಲ್ಲಿ ಬರುತ್ತಿದ್ದರೆ ವಾರ್ಡ್ ಬಾಯ್‌ಗಳು, "ದಾರಿ ಬಿಡ್ರಪ್ಪ, ಅಕ್ಕನ ಸವಾರಿ ಬಂತು" ಎಂದು ಗೋಡೆಗೆ ಅಂಟಿ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಸ್ಟೋರಿನ ಸಾಹೇಬರು ಅವಳನ್ನು ಕರೆಸಿದರು. ಆಸ್ಪತ್ರೆಗೆ ಹತ್ತಿಯಿಂದ ಮಂಚದವರೆಗೆ ಏನೇ ಕೊಳ್ಳಬೇಕಾದರೂ ಅವರ ಮೇಜಿನ ಮೇಲಿಂದಲೇ ಹೋಗಬೇಕು. ಮಾತು ಒರಟು, ಮನುಷ್ಯ ಒಳ್ಳೆಯವರು.

"ಕೂತ್ಕೋಮ್ಮ. ಎಲ್ಲಾ ವಾರ್ಡಿಗೂ ಹೊಸ ಟೀವಿ ತಗೋಬೇಕು ಅಂತ ಆಗಿದೆ. ಅಂಗಡಿಯವರನ್ನ ಕೇಳಿದ್ರೆ ಒಬ್ಬೊಬ್ರು ಒಂದೊಂದು ರಾಗ ಹಾಡ್ತಾರೆ. ಕೊಳ್ಳೋ ಬೆಲೆ ನಾನು ನೋಡ್ಕೋತೀನಿ. ಕೊಂಡ ಮೇಲಿನ ಕತೆ ನೀನು ಹೇಳು. ಯಾವ ಥರದ ಪರದೆಗೆ ಏನು ಕೆಡತ್ತೆ, ಎಷ್ಟು ಸಲ ಕೆಡತ್ತೆ, ರಿಪೇರಿ ಆಗತ್ತೋ, ಗುಜರಿಗೇ ಹಾಕ್ಬೇಕೋ. ಹತ್ತು ವರ್ಷದ ಲೆಕ್ಕ ಹಾಕ್ಕೊಂಡು ಬಾ."

"ಹತ್ತು ವರ್ಷದ್ದಾ ಸಾರ್?"

"ಮತ್ತೆ? ವರ್ಷ ವರ್ಷ ಹೊಸದು ಕೊಡಿಸೋಕೆ ನಮಗೇನು ಮಾವನ ಮನೆ ಇದ್ಯಾ? ಹಾಂ, ಅಲ್ಲೀವರೆಗೆ ಹಳೇ ಸೆಟ್ಟುಗಳಿಗೆ ಖರ್ಚು ಮಾಡ್ಬೇಡ. ನಡೆದಷ್ಟು ದಿನ ನಡೀಲಿ."

ಅವಳು ಹೂಂ ಎಂದು ಎದ್ದು ಬಂದಳು. ಏಣಿಯನ್ನು ಅಲ್ಲೇ ಗೋಡೆಗೆ ಒರಗಿಸಿ ನೇರವಾಗಿ ಎರಡನೇ ಮಹಡಿಯ ವಾರ್ಡಿಗೆ ಹೋದಳು. ಬೇಗ ಮನೆಗೆ ಹೋಗುವ ರೋಗಿಗಳು ಅಲ್ಲಿರುವುದಿಲ್ಲ. ಆ ಸಾಲಿನ ಕೊನೆಯ ಮಂಚದಲ್ಲಿ ಅವಳ ಗಂಡ ಮಲಗಿದ್ದ. ಟೀವಿಯ ವಿಷಯ ಏನೇ ಬಂದರೂ ಮದುವೆಯಾದ ಲಾಗಾಯ್ತು ಅವಳು ಮೊದಲು ಬಾಯಿ ಬಿಡುತ್ತಿದ್ದುದು ಅವನ ಮುಂದೆಯೇ.

ಅವನನ್ನು ಜನ ಶಾಕಣ್ಣ ಎನ್ನುತ್ತಿದ್ದರು. ಕಸುಬು ಕಲಿಯುವ ಹೊಸದರಲ್ಲಿ ಯಾರದೋ ಮನೆಯಲ್ಲಿ ಪಿಕ್ಚರ್ ಟ್ಯೂಬಿನ ಹಿಂಬದಿ ಮುಟ್ಟಿ, ಶಾಕ್ ಹೊಡೆದು ಎಗರಿಬಿದ್ದು, ಹೋಗಿ ಸೋಫಾದ ಮೇಲೆ ಕೂತುಬಿಟ್ಟಿದ್ದನಂತೆ. ಆ ಮನೆಯ ಅಜ್ಜಿಗೆ ಕಣ್ಣು ಮಂಜು. "ಬಂದ್ಯೇನಪ್ಪ, ಆರಾಮಾಗಿ ಕೂತ್ಕೋ" ಅಂದಿತಂತೆ. ಈ ಕತೆಯನ್ನು ಬೇರೆ ಯಾರೂ ಹಬ್ಬಿಸಲಿಲ್ಲ. ಅವನೇ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸಿ ಆ ಹೆಸರನ್ನು ತಾನೇ ಸಂಪಾದಿಸಿಕೊಂಡ.

ಅವಳು ಈ ಕೆಲಸಕ್ಕೆ ಬಿದ್ದದ್ದು ಒಂದು ಕನ್ನಡಿಯಿಂದ. ಮದುವೆಯಾದ ಹೊಸದರಲ್ಲಿ ಮಧ್ಯಾಹ್ನ ಅಂಗಡಿಗೆ ಊಟ ಒಯ್ಯುತ್ತಿದ್ದಳು. ಟ್ಯೂಬಿನ ಟೀವಿಯ ಬಣ್ಣ ಹೊಂದಿಸಬೇಕಾದರೆ ಕೈ ಹಿಂದೆ ಇರಬೇಕು, ಕಣ್ಣು ಮುಂದೆ ಇರಬೇಕು. ಅದಕ್ಕಾಗಿ ಅವನು ಎದುರಿಗೆ ಕನ್ನಡಿಯೊಂದನ್ನು ಒರಗಿಸಿಕೊಂಡು, ಕತ್ತು ತಿರುಚಿ ಒದ್ದಾಡುತ್ತಿದ್ದ. ಒಂದು ದಿನ ಅವಳು ಕನ್ನಡಿಯನ್ನು ಪಕ್ಕಕ್ಕಿಟ್ಟು, "ನಾನು ನೋಡಿ ಹೇಳ್ತೀನಿ, ನೀವು ತಿರುಗಿಸ್ರಿ" ಎಂದಳು. ಕೆಂಪು ಜಾಸ್ತಿ, ಈಗ ಹಸಿರು ಹತ್ತಿತು, ಇನ್ನೊಂಚೂರು, ಹಾಂ, ಅಷ್ಟೇ. ಅವತ್ತು ಅವನು ತಲೆಯೆತ್ತಿ ಅವಳನ್ನು ನೋಡಿದ ರೀತಿಯನ್ನು ಅವಳು ಮರೆಯಲಿಲ್ಲ. ವರ್ಷ ತುಂಬುವುದರೊಳಗೆ ಬೆಸುಗೆ ಕಡ್ಡಿ ಅವಳ ಕೈಗೂ ಬಂತು.

ಆ ಕಾಲದ ಸೆಟ್ಟುಗಳು ಆಗಾಗ ಕೆಡುತ್ತಿದ್ದವು, ಆದರೆ ಸಾಯುತ್ತಿರಲಿಲ್ಲ. ಬೆಸುಗೆ ಬಿಟ್ಟರೆ ಮತ್ತೆ ಹಾಕಬಹುದು, ಉಬ್ಬಿದ ಕೆಪಾಸಿಟರ್ ಕಿತ್ತು ಇನ್ನೊಂದು ಕೂರಿಸಬಹುದು. ಆಮೇಲೆ ಪ್ಲಾಸ್ಮಾ ಬಂತು, ಒಲೆಯ ಹಾಗೆ ಕಾಯುವ ಪರದೆ. ಅದರ ಬೆನ್ನಿಗೆ ಎಲ್‌ಸಿಡಿ, ಎಲ್‌ಇಡಿ. "ಪ್ಯಾನೆಲ್ ಹೋಗಿದೆ" ಎಂಬ ಹೊಸ ಮಾತು ಹುಟ್ಟಿತು. ಪ್ಯಾನೆಲ್ ಎಂದರೆ ಮುಂದಿನ ಪರದೆಯೇ, ಅದು ಹೋಯಿತೆಂದರೆ ಮಾಡುವಂಥದ್ದೇನೂ ಇಲ್ಲ, ಇನ್ನೊಂದು ಪ್ಯಾನೆಲ್ ಹಾಕುವ ದುಡ್ಡಿಗೆ ಹೊಸ ಟೀವಿಯೇ ಬರುತ್ತದೆ. ಗಿರಾಕಿಗೆ ಆ ಮಾತು ಹೇಳುವಾಗಲೆಲ್ಲ ಶಾಕಣ್ಣನ ಮುಖ ಸಪ್ಪೆಯಾಗುತ್ತಿತ್ತು. ಬರುಬರುತ್ತ ಜನ ಕೆಟ್ಟ ಟೀವಿಯನ್ನು ಅಂಗಡಿಗೆ ತರುವುದನ್ನೇ ಬಿಟ್ಟರು. ಗಂಡ ಹೆಂಡತಿ ಅಂಗಡಿಯ ಬಾಗಿಲು ಹಾಕಿದರು. ಅವಳಿಗೆ ಆಸ್ಪತ್ರೆಯ ಕೆಲಸ ಸಿಕ್ಕಿತು. ಅವನು ಮನೆಯಲ್ಲೇ ಕೂತು ಬಂದದ್ದನ್ನು ಬಿಚ್ಚುತ್ತಿದ್ದ.

ಹಾಗೆ ಬಿಚ್ಚುವಾಗಲೇ ಸ್ಕ್ರೂಡ್ರೈವರ್ ಅವನ ಕೈಯಿಂದ ಜಾರತೊಡಗಿದ್ದು. ಮೊದಮೊದಲು ಇಬ್ಬರೂ ನಕ್ಕರು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ, ಲೋಟ ಹಿಡಿಯಲಾಗಲಿಲ್ಲ. ಡಾಕ್ಟರರು ಸುತ್ತಿ ಬಳಸದೆ ಹೇಳಿದರು: ಮಿದುಳು ಹೇಳಿದ್ದನ್ನು ಕೈಕಾಲಿಗೆ ಮುಟ್ಟಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಕೈ, ಕಾಲು, ನುಂಗುವುದು, ಮಾತು, ಕೊನೆಗೆ ಉಸಿರು. ಬುದ್ಧಿ ಮಾತ್ರ ಚೊಕ್ಕವಾಗಿರುತ್ತದೆ. ಮದ್ದಿಲ್ಲ. ಒಬ್ಬಳೇ ಅವನನ್ನು ಎತ್ತಿ ಮಗ್ಗುಲು ಮಾಡುವುದು ಸಾಧ್ಯವಾಗದ ದಿನ ಬಂದಾಗ, ಕೆಲಸದವರ ಮನೆಯವರು ಎಂಬ ಲೆಕ್ಕದಲ್ಲಿ ಎರಡನೇ ಮಹಡಿಯಲ್ಲಿ ಈ ಮಂಚ ಸಿಕ್ಕಿತ್ತು.

ಸಾಹೇಬರು ಹೇಳಿದ್ದನ್ನೆಲ್ಲ ಅವಳು ಒಪ್ಪಿಸಿದಳು. ಅಷ್ಟು ಹೊತ್ತಿಗೆ ಅವನ ಮಾತು ತೊದಲತೊಡಗಿತ್ತು, ನಾಲಿಗೆ ಒದ್ದೆ ಬಟ್ಟೆಯಂತೆ ಭಾರ. ಆದರೂ ಕಣ್ಣು ಅರಳಿತು.

"ಏನೇ, ನಮಗೆ ಗಿರಾಕಿ ಬಂದ ಹಾಗಾಯ್ತಲ್ಲ!"

"ಬಂತು ನೋಡಿ, ಅದೂ ಎಷ್ಟು ದೊಡ್ಡ ಗಿರಾಕಿ."

"ಮೊದ್ಲಿಂದ ಹಿಡಿ. ಟ್ಯೂಬಿಂದು."

"ಅದನ್ನ ಈಗ ಯಾರ್ರೀ ಮಾಡ್ತಾರೆ? ಸಾಹೇಬ್ರು ನಗ್ತಾರೆ."

"ನಗ್ಲಿ. ಲೆಕ್ಕಕ್ಕೆ ಬೇಕು."

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತು ಅವರ ಅಂಗಡಿಯಾಯಿತು. ಅವಳು ಮೆತ್ತಗೆ ಹಿಸುಕಿದ ಊಟವನ್ನು ಚಮಚದಲ್ಲಿ ಇಡುತ್ತ ಕೇಳುವುದು, ಅವನು ನುಂಗಿ, ಸುಧಾರಿಸಿಕೊಂಡು ಹೇಳುವುದು. ಟ್ಯೂಬಿನದು ರಿಪೇರಿ ಅಗ್ಗ, ಆದರೆ ಕರೆಂಟು ಕುಡಿಯುತ್ತದೆ, ಗೋಡೆಗೆ ಭಾರ, ಬಿಡಿಭಾಗ ಈಗ ಹುಡುಕಿದರೂ ಸಿಗುವುದಿಲ್ಲ. ಪ್ಲಾಸ್ಮಾ ಕರೆಂಟಿನಲ್ಲಿ ಅದರಪ್ಪ. ಮೇಲಾಗಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಗುರುತು ಪರದೆಗೆ ಅಚ್ಚೊತ್ತಿಬಿಡುತ್ತದೆ. ಕ್ಯಾಂಟೀನಿನ ಪ್ಲಾಸ್ಮಾದಲ್ಲಿ ಯಾವ ಚಾನೆಲ್ ಹಾಕಿದರೂ ಮೂಲೆಯಲ್ಲಿ ಸುದ್ದಿ ಚಾನೆಲ್ಲಿನ ಮುದ್ರೆ ಮಸುಕಾಗಿ ಕಾಣುತ್ತಿತ್ತು. ಹಳೆಯ ಎಲ್‌ಸಿಡಿಯ ಹಿಂದೆ ಸಣ್ಣ ಕೊಳವೆ ದೀಪಗಳು, ಅವು ಸೋತರೆ ಹೊಸವು ಸಿಗುವುದು ಕಷ್ಟ. ಎಲ್‌ಇಡಿಯ ಹಿಂದೆ ದೀಪದ ಪಟ್ಟಿಗಳು. ಅವೂ ಸುಟ್ಟುಹೋಗುತ್ತವೆ, ಆದರೆ ಪಟ್ಟಿ ಅಗ್ಗ, ಬದಲಿಸಬಹುದು.

"ಬೆಳಕನ್ನ ಅರ್ಧಕ್ಕಿಳಿಸಿ ಇಟ್ರೆ ಪಟ್ಟಿ ಸುಲಭಕ್ಕೆ ಸುಡಲ್ಲ" ಎಂದ. "ಅಂಗಡೀಲಿ ಕಣ್ಣು ಕುಕ್ಲಿ ಅಂತ ಪೂರ್ತಿ ಏರಿಸಿಟ್ಟಿರ್ತಾರೆ. ಜನ ಅದನ್ನೇ ಮನೇಲೂ ಇಟ್ಕೋತಾರೆ. ಇದನ್ನ ಹೇಳು ಅವ್ರಿಗೆ."

ಒಲೆಡ್ ಎಂಬ ಹೊಸ ಪರದೆಯ ಮಾತು ಬಂದಾಗ ಮಾತ್ರ ಇಬ್ಬರಿಗೂ ಹತ್ತಿಕೊಂಡಿತು. ಅದಕ್ಕೆ ಹಿಂದಿನ ದೀಪವೇ ಬೇಡ, ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಅಂಗಡಿ ಮುಚ್ಚುವ ಮುಂಚೆ ಯಾರೋ ಸಿರಿವಂತರು ಅಂಥದೊಂದನ್ನು ರಿಪೇರಿಗೆ ತಂದಿಟ್ಟಿದ್ದರು. ಸಣ್ಣ ತೊಂದರೆ, ಕೆಲಸ ಬೇಗ ಮುಗಿದಿತ್ತು. ಆದರೂ ಆ ಸಂಜೆ ಗಂಡ ಹೆಂಡತಿ ಇಬ್ಬರೂ ಬಾಗಿಲು ಅರ್ಧ ಎಳೆದುಕೊಂಡು ಅದರ ಮುಂದೆ ಕೂತು, ಕಡಲೊಳಗಿನ ಮೀನುಗಳ ಯಾವುದೋ ಚಿತ್ರವನ್ನು ಕೊನೆಯವರೆಗೆ ನೋಡಿದ್ದರು.

"ಅದನ್ನೇ ಬರಿ" ಎಂದ ಶಾಕಣ್ಣ. "ಕಪ್ಪು ಅಂದ್ರೆ ಕಪ್ಪು. ಇಲ್ಲಿ ಮಲಗಿರೋರಿಗೆ ನೋಡೋಕೆ ಇನ್ನೇನಿದೆ ಹೇಳು? ಈ ಸೂರು, ಆ ಗೋಡೆ, ಆ ಟೀವಿ."

"ಚೆಂದ ಇಲ್ಲ ಅಂದ್ನಾ ನಾನು? ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಚಾನೆಲ್ ಓಡತ್ತೆ ಇಲ್ಲಿ. ಆ ಮುದ್ರೆ ಅದಕ್ಕೂ ಅಚ್ಚಾಗತ್ತೆ. ಅಚ್ಚಾದ್ರೆ ಪ್ಯಾನೆಲ್ಲೇ ಬದಲಿಸ್ಬೇಕು. ಹತ್ತು ವರ್ಷ ಬಾಳಬೇಕು ಅಂದಿದಾರೆ ಕಣ್ರಿ, ಹತ್ತು ವರ್ಷ!"

"ಹತ್ತು ವರ್ಷದ್ದು ನೀನು ನೋಡ್ಕೋ" ಎಂದ ಅವನು. "ನಂಗೆ ಈ ತಿಂಗಳದ್ದು ಹೇಳು."

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅವನು ಸಿಟ್ಟಿನಿಂದ ಅಂದದ್ದಲ್ಲ, ಅಳುತ್ತಲೂ ಅನ್ನಲಿಲ್ಲ. ಅಂಗಡಿಯಲ್ಲಿ ಎಷ್ಟು ಗಂಟೆಗೆ ಕರೆಂಟು ಹೋಗುತ್ತದೆ ಎಂದು ಕೇಳುವ ಹಾಗೆ ಕೇಳಿದ್ದ. ಅವಳು ತಿರುಗಿ ಗೋಡೆಯ ಟೀವಿ ನೋಡಿದಳು. ಅರ್ಧ ಪರದೆ ಕತ್ತಲು. ಉಳಿದರ್ಧದಲ್ಲಿ ನೀಲಿ ತಿರುಗಿದ ಮುಖಗಳು ಏನೋ ಹೇಳುತ್ತಿದ್ದವು. ಹಿಂದಿನ ದೀಪದ ಪಟ್ಟಿಗಳು ಸುಟ್ಟು ಎಷ್ಟೋ ದಿನವಾಗಿತ್ತು. ದಿನವೂ ಬಂದು ಅದರ ಕೆಳಗೇ ಕೂತು ಹತ್ತು ವರ್ಷದ ಮಾತಾಡುತ್ತಿದ್ದ ಅವಳು, ಖರ್ಚು ಮಾಡಬೇಡ ಎಂದ ಸಾಹೇಬರ ಮಾತಿಗೆ ಕಟ್ಟುಬಿದ್ದು ಅದನ್ನು ಮುಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಗುಜರಿಗೆಂದು ಕೂಡಿಟ್ಟ ಕೋಣೆಗೆ ಹೋಗಿ, ಪರದೆ ಒಡೆದಿದ್ದ ಅದೇ ಅಳತೆಯ ಸೆಟ್ಟೊಂದನ್ನು ಹುಡುಕಿ, ಅದರ ಪಟ್ಟಿಗಳನ್ನು ಬಿಡಿಸಿಕೊಂಡು ಬಂದಳು. ವಾರ್ಡಿನ ನಡುವೆ ಮೇಜು ಹಾಕಿ ಗೋಡೆಯ ಟೀವಿಯನ್ನು ಇಳಿಸಿ ಮಲಗಿಸಿದಳು. ರೋಗಿಗಳೆಲ್ಲ ದಿಂಬಿಗೆ ಒರಗಿ ಕತ್ತು ಚಾಚಿದರು.

ಎಲ್‌ಇಡಿ ಬಿಚ್ಚುವಾಗ ಹೆದರಿಕೆಯ ಹೊತ್ತು ಒಂದೇ. ಹಪ್ಪಳದಷ್ಟು ತೆಳ್ಳಗಿನ ಗಾಜಿನ ಪ್ಯಾನೆಲ್ಲನ್ನು ಎತ್ತಿ ಪಕ್ಕಕ್ಕಿಡಬೇಕು. ಒಂದು ಕಡೆ ಬಾಗಿದರೆ ಮುಗಿಯಿತು. ಇಬ್ಬರು ಬೇಕು. ಅಂಗಡಿಯಲ್ಲಿ ಆ ತುದಿಯನ್ನು ಹಿಡಿಯುತ್ತಿದ್ದವನು ಈಗ ಮಂಚದ ಮೇಲಿದ್ದ. ಅವಳು ಆಚೀಚೆ ನೋಡಿದಳು. ಔಷಧಿ ಹಂಚುತ್ತಿದ್ದ ಸಿಸ್ಟರ್ ಟ್ರೇ ಕೆಳಗಿಟ್ಟು ಬಂದಳು.

"ನಾನು ಹಿಡೀಲಾ ಅಕ್ಕ? ಹೇಗೆ ಹಿಡೀಬೇಕು ಹೇಳಿ."

ಹೇಳಿದ್ದು ಶಾಕಣ್ಣ. ಒಂದೊಂದೇ ಪದ, ನಡುನಡುವೆ ಉಸಿರು. "ಅಂಗೈ ಪೂರ್ತಿ ಕೆಳಗೆ ಹಾಕಮ್ಮ. ಬೆರಳು ಊರಬೇಡ. ಅವಳ ಮುಖ ನೋಡು, ಗಾಜು ನೋಡಬೇಡ. ಅವಳು ಎತ್ತಿದಷ್ಟೇ ಎತ್ತು. ಹಾಂ."

ಸಿಸ್ಟರ್ ಅವಳ ಮುಖ ನೋಡಿದಳು, ಅವಳು ಸಿಸ್ಟರಿನ ಮುಖ ನೋಡಿದಳು. ಗಾಜು ಎದ್ದಿತು, ಖಾಲಿ ಮಂಚದ ಮೇಲೆ ಕೂತಿತು. ಹಿಡಿದ ಉಸಿರನ್ನು ವಾರ್ಡು ಬಿಟ್ಟಿತು. "ನನ್ನ ನೌಕ್ರಿ ಹೋಯ್ತು" ಎಂದ ಶಾಕಣ್ಣ. "ನಿಂಗೆ ಒಳ್ಳೆ ಜೋಡಿ ಸಿಕ್ತು." ಎಲ್ಲರೂ ನಕ್ಕರು. ಅವಳು ಬಗ್ಗಿ ಸುಟ್ಟ ಪಟ್ಟಿಯ ಸ್ಕ್ರೂ ಬಿಚ್ಚುತ್ತಿದ್ದಳು. ಬಗ್ಗಿದ್ದೇ ಒಳ್ಳೆಯದಾಯಿತು.

ಟೀವಿ ಮತ್ತೆ ಗೋಡೆಗೇರಿ ಹತ್ತಿಕೊಂಡಾಗ ಯಾವುದೋ ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಟೊಮೇಟೋದ ಕೆಂಪು ನೋಡಿ ಪಕ್ಕದ ಮಂಚದ ಮುದುಕ ಚಪ್ಪಾಳೆ ಹೊಡೆದ. ಅವಳು ಗಂಡನ ಕಡೆ ತಿರುಗಿ ಹಳೆಯ ಅಭ್ಯಾಸದಲ್ಲಿ, "ಕೆಂಪು ಸರಿ ಇದ್ಯಾ?" ಎಂದಳು. ಅವನು ಬಹಳ ಹೊತ್ತು ನೋಡಿದ. "ಸರಿ ಇದೆ" ಎಂದ.

ಸುದ್ದಿ ಸಾಹೇಬರಿಗೆ ಮುಟ್ಟಿತು. ಲೆಕ್ಕ ಒಪ್ಪಿಸಲು ಹೋದಾಗ ಅವರು ಕನ್ನಡಕದ ಮೇಲಿಂದ ನೋಡಿ, "ಹಳೇದಕ್ಕೆ ಖರ್ಚು ಮಾಡ್ಬೇಡ ಅಂದಿದ್ದೆ" ಎಂದರು.

"ಖರ್ಚೇನೂ ಆಗಿಲ್ಲ ಸಾರ್. ಗುಜರಿಗೆ ಹೋಗೋದ್ರಿಂದ ಕಿತ್ತಿದ್ದು."

"ಹೂಂ" ಎಂದು ಅವಳು ಬರೆದು ತಂದಿದ್ದನ್ನು ಓದತೊಡಗಿದರು. ಸಾದಾ ಎಲ್‌ಇಡಿ ಕೊಳ್ಳುವುದು. ಕೊಳ್ಳುವಾಗಲೇ ದೀಪದ ಪಟ್ಟಿ ಮತ್ತು ಕರೆಂಟು ಹಂಚುವ ಪವರ್ ಬೋರ್ಡು ಒಂದಿಷ್ಟು ಹೆಚ್ಚಿಗೆ ತೆಗೆದಿಡುವುದು. ಬೆಳಕು ಅರ್ಧಕ್ಕೆ ಇಳಿಸುವುದು. ಎಲ್ಲ ವಾರ್ಡಿಗೂ ಒಂದೇ ಅಳತೆಯದು, ಒಂದು ಸತ್ತರೆ ಇನ್ನೊಂದಕ್ಕೆ ಭಾಗವಾಗುತ್ತದೆ. ಸಾಹೇಬರು ತಲೆಯಾಡಿಸಿದರು. ಆಮೇಲೆ ಬೆರಳಿಟ್ಟು ಕೇಳಿದರು:

"ಕರೆಂಟು ಹಾಕಿದೀಯ, ಭಾಗಗಳು ಹಾಕಿದೀಯ. ಕೂಲಿ ಎಲ್ಲಮ್ಮ? ರಿಪೇರಿ ಮಾಡೋರ ಕೂಲಿ?"

ಅವಳಿಗೆ ಅದು ಹೊಳೆದೇ ಇರಲಿಲ್ಲ. "ಅದು... ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ ಸಾರ್."

"ಅದಕ್ಕೇ ನಿಮ್ಮ ಅಂಗಡಿ ಮುಚ್ತು" ಎಂದರು ಸಾಹೇಬರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೇರೆ ದನಿಯಲ್ಲಿ, "ಅವ್ರು ಹೇಗಿದಾರೆ?" ಎಂದು ಕೇಳಿದರು. "ಟೀವಿ ನೋಡ್ತಿದಾರೆ ಸಾರ್" ಎಂದಳು.

ಅವನು ನೋಡಿದ. ಮಾತು ಪೂರ್ತಿ ನಿಂತ ಮೇಲೂ ನೋಡಿದ. ಆಮೇಲಾಮೇಲೆ ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ರೆಪ್ಪೆ ಬಡಿಯುತ್ತಿದ್ದ. ಅವಳು ಮಧ್ಯಾಹ್ನ ಬಂದು ಯಾವ ವಾರ್ಡಿನಲ್ಲಿ ಏನು ಕೆಟ್ಟಿತ್ತು ಎಂದು ಹೇಳುವಳು. ತಾನು ಮಾಡಿದ್ದು ಸರಿಯೋ ಎಂದು ಕೇಳುವಳು. ಒಂದು ಸಲ ಬೇಕೆಂದೇ ತಪ್ಪು ಹೇಳಿದಳು. ಅವನ ರೆಪ್ಪೆ ಎರಡು ಸಲ ಬಡಿಯಿತು, ಕಣ್ಣಿನ ತುದಿಯಲ್ಲಿ ನಗು ಬಂತು. ಅವಳಿಗೆ ಅಷ್ಟೇ ಬೇಕಾಗಿತ್ತು.

ಒಂದು ಬೆಳಿಗ್ಗೆ ಅವಳು ಮಕ್ಕಳ ವಾರ್ಡಿನಲ್ಲಿ ಏಣಿಯ ಮೇಲಿದ್ದಳು. ಗೋಡೆಯ ಕಬ್ಬಿಣದ ಹಿಡಿಕೆ ಸಡಿಲವಾಗಿತ್ತು, ಬಿಗಿ ಮಾಡುತ್ತಿದ್ದಳು. ಎರಡನೇ ಮಹಡಿಯ ಸಿಸ್ಟರ್ ಬಾಗಿಲಲ್ಲಿ ಕಂಡಳು. ನೇರ ಬಂದು ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅಕ್ಕ, ಮೊದ್ಲು ಕೆಳಗಿಳೀರಿ."

"ಇನ್ನೊಂದೇ ಸ್ಕ್ರೂ ಇದೆ."

"ಇಳೀರಿ ಅಕ್ಕ."

"ಇದನ್ನ ಹೀಗೇ ಬಿಟ್ರೆ ಮಕ್ಕಳ ಮೇಲೆ ಬೀಳತ್ತೆ ಕಣಮ್ಮ" ಎಂದು ಅವಳು ಆ ಸ್ಕ್ರೂವನ್ನು ಹಾಕಿದಳು, ಬಿಗಿ ಮಾಡಿದಳು, ಟೀವಿಯನ್ನು ಅಲುಗಿಸಿ ನೋಡಿದಳು. ಸಿಸ್ಟರ್ ಏಣಿ ಹಿಡಿದೇ ನಿಂತಿದ್ದಳು. ಇಳಿಯುವಾಗ ಕೊನೆಯ ಮೆಟ್ಟಿಲು ಅವಳ ಕಾಲಿಗೆ ಸಿಗಲಿಲ್ಲ. ಸಿಸ್ಟರ್ ತಬ್ಬಿ ಹಿಡಿದಳು. ಹಾಗೇ ತಬ್ಬಿಕೊಂಡೇ ಮೇಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಯಾರೋ ಟೀವಿಯ ದನಿ ನಿಲ್ಲಿಸಿದ್ದರು. ಚಿತ್ರ ಮಾತ್ರ ಓಡುತ್ತಿತ್ತು.

ಅವನು ಹೋದ ಸುದ್ದಿ ಕೇಳಿ ಅವನ ತಂಗಿ ಬಂದು ಕೆಲವು ದಿನ ಅವಳ ಜೊತೆಗಿದ್ದಳು. "ನಮ್ಮನೆಗೆ ಬಂದ್ಬಿಡಿ ಅತ್ತಿಗೆ, ಈ ಮನೇಲಿ ಒಬ್ರೇ ಏನ್ಮಾಡ್ತೀರಿ?" ಎಂದು ಮತ್ತೆ ಮತ್ತೆ ಕೇಳಿದಳು. ನಾದಿನಿಯ ಕೈ ಹಿಡಿದು, "ಬರ್ತೀನಿ, ಸ್ವಲ್ಪ ತಡಿ" ಎಂದು ಹೇಳುತ್ತ ಅವಳು ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಊಟಕ್ಕೆ ಕೂತರೆ ತನ್ನ ಅನ್ನವನ್ನೂ ಮೆತ್ತಗೆ ಹಿಸುಕಿಬಿಡುತ್ತಿದ್ದಳು. ಆಸ್ಪತ್ರೆಯಲ್ಲೂ ಊಟದ ಹೊತ್ತಿಗೆ ಕಾಲು ತಾನಾಗಿ ಮಹಡಿಯ ಕಡೆ ತಿರುಗುತ್ತಿತ್ತು. ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು.

ಹೊಸ ಟೀವಿಗಳು ಬಂದವು. ಸಾದಾ ಎಲ್‌ಇಡಿಗಳು, ಅವಳು ಹೇಳಿದಂಥವೇ. ಜೊತೆಗೆ ಪಟ್ಟಿಗಳ ಕಟ್ಟೂ ಇತ್ತು. ಅವಳು ಕೆಳಗಿನಿಂದ ಶುರುಮಾಡಿ ಒಂದೊಂದೇ ವಾರ್ಡು ಮುಗಿಸುತ್ತ ಬಂದಳು. ಎರಡನೇ ಮಹಡಿಯ ಆ ವಾರ್ಡನ್ನು ದಾಟಿ ಮೂರನೆಯದಕ್ಕೆ ಹೋದಳು. ಕೊನೆಗೆ ಅದೊಂದೇ ಉಳಿಯಿತು. ಆಸ್ಪತ್ರೆಯ ಎಲೆಕ್ಟ್ರಿಶಿಯನ್, "ಅದನ್ನ ನಾನು ಹಾಕ್ತೀನಿ ಬಿಡಕ್ಕ" ಎಂದ. ಬೇಡ ಎಂದಳು.

ಕೊನೆಯ ಮಂಚದಲ್ಲಿ ಈಗ ಒಬ್ಬ ಬಸ್ ಡ್ರೈವರ್ ಇದ್ದ. ಅಪಘಾತದಲ್ಲಿ ಕತ್ತಿನ ಹತ್ತಿರ ಬೆನ್ನುಮೂಳೆ ಮುರಿದಿತ್ತು. ಅವಳು ಹಳೆಯದನ್ನು ಇಳಿಸಿದಳು. ಹೊಸದನ್ನು ಏರಿಸಿ, ಬೆಳಕನ್ನು ಹೊಂದಿಸಿ, ಚಾನೆಲ್ಲುಗಳನ್ನು ತುಂಬಿಸಿದಳು. ಏಣಿ ಮಡಚಿ ಹೊರಡಬೇಕು, ಅಷ್ಟರಲ್ಲಿ ಡ್ರೈವರ್ ಕರೆದ.

"ಅಮ್ಮ, ಆಟ ಬರೋ ಚಾನೆಲ್ ಹಾಕ್ತೀರಾ? ನಂಗೆ ಕೈ ಎತ್ತೋಕಾಗಲ್ಲ."

ಹಾಕಿದಳು. ಯಾವುದೋ ದೇಶದ ಹಸಿರು ಮೈದಾನದಲ್ಲಿ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರು. ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ನೋಡಲು ಬರುವವರಿಗೆಂದು ಇಟ್ಟ ಕುರ್ಚಿ ಖಾಲಿ ಇತ್ತು. ಅವಳು ಕೂತಳು. ಹೋಗಬೇಕು, ಹಳೆಯ ಸೆಟ್ಟನ್ನು ಕೆಳಗೆ ಸಾಗಿಸಬೇಕು ಎಂದು ಅಂದುಕೊಳ್ಳುತ್ತಲೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಹೆಗಲು ಅಲುಗುವುದನ್ನು ಡ್ರೈವರ್ ಕಂಡ. ಅವನು ಕಣ್ಣನ್ನು ಪರದೆಯ ಕಡೆಗೇ ಇಟ್ಟುಕೊಂಡ.